ಅಪ್ಪನ ಎಡಗಡೆಯ ಸೀಟು

ದನಿ ಇದೆಯೋ ಇಲ್ಲವೋ — ಬೆಳಗಿನಿಂದ ಹೂಂ ಅಂದದ್ದು ಬಿಟ್ಟರೆ ಏನೂ ಆಡಿಲ್ಲ, ಬೇಕೆಂದಾಗ ಬಾಯಿಂದ ಬರೀ ಗಾಳಿ ಬಂದುಬಿಟ್ಟರೆ, ಎಂದುಕೊಳ್ಳುತ್ತ ಹಲೀನಾ ಕೋಳಿರೆಕ್ಕೆಯ ಖಾರ ಹತ್ತಿದ ಬೆರಳು ಒರೆಸಿಕೊಂಡು ಗ್ಯಾರೇಜಿನ ಮೂಲೆಯ ಕುರ್ಚಿಯಲ್ಲಿ ಇನ್ನಷ್ಟು ಒಳಗೆ ಸರಿದಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಮ್ಮೆ ಅಂದು ನೋಡಿದ್ದಾಗಿದೆ, ಅಪ್ಪ ಆ ಸೀಟು — ಅಲ್ಲಿಗೇ ನಿಂತಿತು, ಮುಂದಿನದನ್ನು ನಲ್ಲಿ ನುಂಗಿತು. ಫ್ರೀಜರ್ ಮೇಲಿನ ಟಿವಿಯಲ್ಲಿ ಸೂಟು ತೊಟ್ಟವನೊಬ್ಬ ಚೀಟಿ ಬಿಚ್ಚುತ್ತಿದ್ದಾನೆ, ಕಾಲೇಜು ಹುಡುಗರನ್ನು ಅಮೆರಿಕನ್ ಫುಟ್‌ಬಾಲ್ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಕೊನೆಯ ದಿನ ಇದು, ಈಗ ನಮ್ಮ ಸರದಿ, ದೇವರೇ ಈ ಸಲವಾದರೂ ಸಾಲು ಕಾಯುವವನೊಬ್ಬನನ್ನು, ಗೋಡೆಯಂಥವನೊಬ್ಬನನ್ನು — ಇಲ್ಲ, ಇನ್ನೊಬ್ಬ ಚೆಂಡು ಹಿಡಿಯುವವನು, ಜಿಂಕೆಯಂತೆ ಓಡುತ್ತಾನಂತೆ, ಓಡಲಿ, ಮೊನ್ನೆ ಮೊದಲ ಸುತ್ತಿನಲ್ಲಿ ತೆಗೆದುಕೊಂಡವನೂ ಜಿಂಕೆಯೇ, ನಿನ್ನೆಯವನೂ ಜಿಂಕೆಯೇ, ಇವರು ತಂಡ ಕಟ್ಟುತ್ತಿದ್ದಾರೋ ಮೃಗಾಲಯ ಕಟ್ಟುತ್ತಿದ್ದಾರೋ. ಡೊಲೋರೆಸ್ ಅತ್ತೆಯ ಮಗ ಬ್ರೆಂಟ್ ಫ್ರೀಜರಿಗೆ ಎರಡು ಗುದ್ದು ಗುದ್ದಿದ, ಮಾವ, ನೋಡ್ದ್ಯಾ, ಈ ವರ್ಷ ನಮ್ಮನ್ನ ತಡೆಯೋರಿಲ್ಲ ಬಿಡು, ಅಪ್ಪ ನಕ್ಕ, ಹೋದ ವರ್ಷಾನೂ ಹಿಂಗೇ ಅಂದಿದ್ದೆ ಕಣೋ, ಅತ್ತೆ ಸಾಸೇಜು ತಿರುವಿಹಾಕುತ್ತ, ಅವನು ಹುಟ್ಟಿದಾಗಿಂದ ಹಿಂಗೇ ಅಂತಿದಾನೆ, ತಿನ್ನೋಕೆ ಬಾರೋ.

ಚೆಂಡು ಎಸೆಯುವವನೇ ನೆಲದ ಮೇಲಿದ್ದರೆ ಜಿಂಕೆಗಳಿಗೆ ಎಸೆಯುವವರು ಯಾರು, ಕಳೆದ ಚಳಿಗಾಲವಿಡೀ ನಮ್ಮ ಕ್ವಾರ್ಟರ್‌ಬ್ಯಾಕ್ ಅಂಗಾತ ಬಿದ್ದು ಆಕಾಶ ನೋಡಿದ್ದೇ ನೋಡಿದ್ದು, ಪ್ರತಿ ಸಲವೂ ಎಡಗಡೆಯಿಂದ, ಅವನಿಗೆ ಕಾಣದ ಕಡೆಯಿಂದ, ಅಲ್ಲಿ ನಿಂತು ಕಾಯಬೇಕಾದವನ ಕಾಲು ಅಡ್ಡ ಸರಿಯುವುದರೊಳಗೆ ಎದುರಾಳಿ ಒಳಗೆ ನುಗ್ಗಿಯಾಗಿರುತ್ತಿತ್ತು — ಚೆಂಡು ನೋಡ್ಬೇಡ ಪುಟ್ಟಿ, ಎಡಗಡೆಯವನ ಕಾಲು ನೋಡು, ಜಾಜಾ ಅನ್ನುತ್ತಿದ್ದ, ಅಪ್ಪನ ಅಪ್ಪ, ತಂಡ ಹೊರಗಿನ ಊರಿಗೆ ಹೋದ ಭಾನುವಾರಗಳಲ್ಲಿ ಅಡುಗೆಮನೆಯ ಸಣ್ಣ ಟಿವಿಯ ಸದ್ದು ತೆಗೆದು ರೇಡಿಯೋ ಹಾಕಿಕೊಂಡು, ರೇಡಿಯೋ ಯಾವಾಗಲೂ ಟಿವಿಗಿಂತ ಒಂದು ಉಸಿರು ಮುಂದೆ, ಅನಾಹುತ ಮೊದಲು ಕಿವಿಗೆ ಆಮೇಲೆ ಕಣ್ಣಿಗೆ, ಕೇಳಿದ್ಯಾ, ಈಗ ಯಾಕಾಯ್ತು ಅಂತ ನೋಡು, ಎಂದು ಜಾಜಾ ಬೆರಳಿಂದ ಗಾಜು ತಟ್ಟಿ ತೋರಿಸುತ್ತಿದ್ದ, ಅವಳು ನೋಡುತ್ತಿದ್ದಳು, ಇಬ್ಬರೂ ಕೂಗುತ್ತಿರಲಿಲ್ಲ, ಕೂಗದೆಯೂ ಎದೆ ಹಾರುತ್ತದೆ ಎಂದು ಈ ಗ್ಯಾರೇಜಿನಲ್ಲಿ ಯಾರಿಗೆ ಹೇಳುವುದು. ಊರಿನಲ್ಲೇ ನಡೆಯುವ ಆಟಗಳಿಗೆ ಜಾಜಾ ಅಪ್ಪನ ಜೊತೆ ಹೋಗುತ್ತಿದ್ದ, ವರ್ಷದ ಟಿಕೆಟು, ಅಕ್ಕಪಕ್ಕದ ಎರಡು ಸೀಟು, ಜಾಜಾನದು ಅಪ್ಪನ ಎಡಗಡೆ, ಅವಳೂ ಒಮ್ಮೆ ಜಾಜಾನ ಬದಲು ಹೋಗಿದ್ದಳು, ಹನ್ನೆರಡೋ ಹದಿಮೂರೋ ವಯಸ್ಸು, ಹಿಂದಿನ ಸಾಲಿನ ಹೆಂಗಸು ಅಪ್ಪನ ಭುಜ ತಟ್ಟಿ, ಮಗೂಗೆ ಹುಷಾರಿಲ್ವಾ ಸರ್, ಬಾಯೇ ಬಿಡ್ತಿಲ್ಲ, ಅಪ್ಪ ಮುಂದೆಂದೂ ಕರೆಯಲಿಲ್ಲ, ಬೈಯಲೂ ಇಲ್ಲ, ಪಾಪ ಅವಳಿಗೆ ಇದೆಲ್ಲ ಸೇರಲ್ಲ ಎಂದು ತಾನೇ ತೀರ್ಮಾನಿಸಿ ಕ್ರಿಸ್‌ಮಸ್ಸಿಗೆ ಚಂದದ ಡೈರಿಗಳನ್ನು ತಂದುಕೊಟ್ಟ, ಅವಳು ಆ ಡೈರಿಗಳ ತುಂಬ ಎಡಗಡೆಯವನ ಕಾಲುಗಳನ್ನೇ ಬರೆದಳು, ಪದವಿ ಮುಗಿಸಿ ಮನೆಗೆ ಬಂದ ಮೇಲೂ ಬರೆಯುತ್ತಿದ್ದಾಳೆ, ಬರೆದರೆ ಪುಟಗಟ್ಟಲೆ, ಬಾಯಲ್ಲಿ ಮಾತ್ರ ಹೂಂ.

ಜಾಜಾ ಶರತ್ಕಾಲದಲ್ಲಿ ತೀರಿಹೋದ, ಡಿಸೆಂಬರಿನ ಆಟವನ್ನು ಅವಳು ಅಡುಗೆಮನೆಯಲ್ಲಿ ಒಬ್ಬಳೇ ನೋಡಿದಳು, ಸರೋವರದ ಕಡೆಯಿಂದ ಹಿಮ ಓರೆಯಾಗಿ ಬೀಳುತ್ತಿತ್ತು, ಕ್ಯಾಮೆರಾ ಜನರ ಮೇಲೆ ಹಾಯುತ್ತ ಹಾಯುತ್ತ ಒಂದು ಚಣ ಅಲ್ಲಿ — ಅಪ್ಪನ ಹಸಿರು ಟೋಪಿ, ಪಕ್ಕದಲ್ಲಿ ಮಡಚಿದ ಸೀಟು, ಸೀಟಿನ ಅಂಚಿನ ಮೇಲೆ ಹಿಮ, ಹಿಮದ ಮೇಲೆ ಗ್ಲೌಸಿಲ್ಲದ ಅಪ್ಪನ ಕೈ. ಅಷ್ಟೇ, ಆಮೇಲೆ ಬಿಯರಿನ ಜಾಹೀರಾತು.

ಸೋಮವಾರದೊಳಗೆ ಆ ಸೀಟಿಗೆ ಹೆಸರು ಕೊಡಬೇಕಂತೆ, ಬೆಳಿಗ್ಗೆ ಅಪ್ಪ ಅತ್ತೆಯ ಹತ್ತಿರ ಅನ್ನುತ್ತಿದ್ದ, ಬ್ರೆಂಟ್‌ಗೇ ಕೊಡೋಣ ಅನ್ಕೊಂಡಿದೀನಿ ಡೊಲಿ, ಪಕ್ಕದಲ್ಲಿ ಕೂಗೋರು ಒಬ್ರು ಬೇಕಲ್ಲ, ಹೋದ ಚಳಿಗಾಲ ಸ್ಮಶಾನದಲ್ಲಿ ಕೂತಂಗಿತ್ತು ನಂಗೆ. ಇನ್ನೊಂದು ಜಿಂಕೆ, ಅಪ್ಪ, ನೀನೂ ಅವರ ಹಾಗೆ ಚೆಂಡನ್ನೇ ನೋಡುತ್ತೀಯಲ್ಲ, ಬ್ರೆಂಟ್ ಒಳ್ಳೆಯವನೇ, ಆಟದ ಮೂರನೆಯ ಭಾಗದ ಹೊತ್ತಿಗೆ ಬಿಯರು ತರಲು ಎದ್ದವನು ಗೆಳೆಯರು ಸಿಕ್ಕರೆ ಅಲ್ಲೇ ನಿಲ್ಲುತ್ತಾನೆ, ತಂಡ ಸೋಲತೊಡಗಿದರೆ ಟ್ರಾಫಿಕ್ಕಿಗೆ ಮೊದಲೇ ಹೊರಟುಬಿಡುತ್ತಾನೆ, ಆಗ ನಿನ್ನ ಎಡಗಡೆ ಯಾರು — ಆದರೆ ಕೇಳದವಳಿಗೆ ಕೊಡು ಎಂದು ಅಪ್ಪನಿಗೆ ಕನಸು ಬೀಳಬೇಕೇ, ಸಿಟ್ಟು ಯಾರ ಮೇಲೆ, ಚೀಟಿ ಓದುವವನ ಮೇಲೋ, ಅಪ್ಪನ ಮೇಲೋ, ಬಾಯಿ ಹೊಲಿದುಕೊಂಡು ಕೂತ ಈ ಹುಡುಗಿಯ ಮೇಲೋ. ಟಿವಿಯಲ್ಲಿ ಮತ್ತೆ ನಮ್ಮ ತಂಡದ ಬಣ್ಣ, ಕೊನೆಯ ಆಯ್ಕೆ, ಚೆಂಡು ಒದೆಯುವವನಂತೆ, ಒದೆಯುವವನು, ಗೋಡೆ ಬಿದ್ದ ಮನೆಗೆ ಕರೆಗಂಟೆ ತಂದರು, ಬ್ರೆಂಟ್ ಕೂಡ ಇದಕ್ಕೆ ಗುದ್ದಲಿಲ್ಲ.

ಅಪ್ಪ ಸದ್ದು ತಗ್ಗಿಸಿ ಜಾಜಾ ಮಾಡುತ್ತಿದ್ದಂತೆಯೇ ಎಲ್ಲರತ್ತ ತಿರುಗಿದ, ಸರಿ, ಮಾರ್ಕ್ಸ್ ಕೊಡ್ರಪ್ಪ, ಬ್ರೆಂಟ್ ನೂರಕ್ಕೆ ತೊಂಬತ್ತು, ಅತ್ತೆ, ಆ ಮೊದಲ್ನೇ ಹುಡುಗನ ನಗು ಚೆನ್ನಾಗಿದೆ, ಎಂಬತ್ತು, ಹಲೀನಾ, ನೀನೇನಂತೀಯಮ್ಮ, ಪರವಾಗಿಲ್ಲ ಅಂತೀಯಾ ಗೊತ್ತು — ಪರವಾಗಿಲ್ಲ, ಪದ ನಾಲಿಗೆಯ ತುದಿಗೆ ತಾನಾಗಿ ಬಂದು ಕೂತಿತ್ತು, ವರ್ಷವೂ ಹೀಗೇ ಬರುತ್ತದೆ, ಎಡಗಡೆಯವನ ಕಾಲು ನೋಡು ಪುಟ್ಟಿ, ಅಪ್ಪ ರಿಮೋಟು ಹಿಡಿದು ನಿಂತಿದ್ದಾನೆ, ಇನ್ನೊಂದು ಕೈ ಖಾಲಿ, ಫ್ರೀಜರ್ ಅಂಚಿನ ಮೇಲೆ, ಮಡಚಿದ ಸೀಟು, ಸೀಟಿನ ಮೇಲೆ ಹಿಮ, ಹಿಮದ ಮೇಲೆ ಕೈ, ಗ್ಲೌಸಿಲ್ಲದ ಕೈ, ಹಿಮ, ಕೈ —

“ಅಪ್ಪ,” ಎಂದಳು ಹಲೀನಾ, ದನಿ ಒಡೆದಿತ್ತು, ಆದರೆ ಬಂದಿತ್ತು, “ಜಾಜಾನ ಸೀಟು ನಂಗೆ ಬೇಕು.”