ನೂರ ತೊಂಬತ್ತೇಳು ಅಡಿಕೆ

"ತಾಂಬೂಲಕ್ಕೆ ಆರಿಸಿಟ್ಟ ಕೆಂಪಡಿಕೆಗೆ ಅಂಟು ಬಳಿದಿದ್ದೀಯಲ್ಲೇ, ತಲೆ ನೆಟ್ಟಗಿದೆಯಾ ನಿಂಗೆ?" ಎಂದು ಕೂಗಿದೆ.

ನನ್ನ ತಂಗಿ ಗಿರಿಜಾಂಬ ಕೊಪ್ಪದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಮರುದಿನ ಅವಳನ್ನು ನೋಡಲು ನರಸಿಂಹರಾಜಪುರದಿಂದ ಗಂಡಿನವರು ಬರುವವರಿದ್ದರು. ಅದೇ ದಿನ ಚಿಕ್ಕಮಗಳೂರಿನಲ್ಲಿ ವಿಜ್ಞಾನ ಪ್ರದರ್ಶನ. ಅದಕ್ಕಾಗಿ ತಿಂಗಳಿಡೀ ಕೂತು ಎರಡು ಉಂಡೆ ಕಟ್ಟಿದ್ದಳು. ಒಂದೊಂದೂ ಚಿನ್ನದ ಪರಮಾಣುವಿನ ನ್ಯೂಕ್ಲಿಯಸ್ ಅಂತೆ. ಪ್ರೋಟಾನಿಗೆ ಎಪ್ಪತ್ತೊಂಬತ್ತು ಕೆಂಪಡಿಕೆ, ನ್ಯೂಟ್ರಾನಿಗೆ ನೂರ ಹದಿನೆಂಟು ಬಿಳಿ ಅಡಿಕೆ.

"ಅಣ್ಣ, ಅಮೆರಿಕದಲ್ಲಿ ಇಂಥವನ್ನು ಭಾರೀ ವೇಗದಲ್ಲಿ ಡಿಕ್ಕಿ ಹೊಡೆಸ್ತಾರೆ. ಚೂರು ಯಾವ ಕಡೆ ಎಷ್ಟು ಹಾರಿತು ಅಂತ ನೋಡಿ ಒಳಗಿನ ರಚನೆ ತಿಳ್ಕೊಳ್ತಾರೆ. ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಲೇಬೇಕು."

"ನಾಳೆ ನೀನು ಹೋಗೋದು ಕಾಫಿ ತಟ್ಟೆ ಹಿಡ್ಕೊಂಡು ಜಗಲಿಗೆ. ಮೂವತ್ತೆರಡು ತುಂಬಿದೆ ಮಾರಾಯ್ತಿ, ಇವರೂ ಬೇಡ ಅಂದ್ರೆ ಆ ಪ್ರೋಟಾನ್ ಬಂದು ತಾಳಿ ಕಟ್ಟುತ್ತಾ?"

"ಯಾರೂ ಕಟ್ಟೋದು ಬೇಡ. ನಾನು ಹೋಗ್ತೀನಿ."

ಎರಡು ಉಂಡೆಯನ್ನೂ ಎತ್ತಿ ಒಂದಕ್ಕೊಂದು ಬಡಿದೆ. ಅಡಿಕೆ ನಡುಮನೆ ತುಂಬ ಉರುಳಿತು. "ಈಗ ಹೇಳು, ಒಳಗೆ ಏನಿತ್ತು?" ಎಂದು ನಕ್ಕೆ.

ಅವಳು ಅಳಲಿಲ್ಲ, ಒಂದನ್ನೂ ಹೆಕ್ಕಲಿಲ್ಲ.

"ಅಲ್ಲಿ ಲಕ್ಷಾಂತರ ಡಿಕ್ಕಿ ನೋಡಿದ ಮೇಲೇ ಒಳಗೆ ಏನಿದೆ ಅಂತ ಹೇಳ್ತಾರೆ ಅಣ್ಣ. ನಿನ್ನ ವಿಷಯದಲ್ಲಿ ನಂಗೆ ಅಷ್ಟು ಬೇಕಿಲ್ಲ."

ಎರಡು ಸೀರೆ, ಸಂಬಳದ ಪಾಸ್‌ಬುಕ್ಕು ಬ್ಯಾಗಿಗೆ ಹಾಕಿಕೊಂಡು ಹೊರಟಳು. ಸಂಜೆ ಬಸ್ಸಿಗೆ ಬಂದೇ ಬರ್ತಾಳೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ. ಅದು ಎರಡು ಸಾವಿರದ ನಾಲ್ಕನೇ ಇಸವಿ. ಐದು ವರ್ಷವಾಯಿತು, ಅವಳು ಬಂದಿಲ್ಲ.