ಓರೆ ಅಡಿಗಲ್ಲು

ಹೆಂಡತಿ ಬುರ್ಗಿ ಸತ್ತ ಹನ್ನೊಂದನೆಯ ದಿನ ಕಾಸಿಯಾನ್ ಕೆಲಸಕ್ಕೆ ಹೋದ. ಇನ್ನೊಂದು ವಾರ ಮನೆಯಲ್ಲಿರು ಎಂದವರೂ ಇದ್ದರು, ಹೋಗು, ಮನಸ್ಸು ಬೇರೆ ಕಡೆ ಹರಿಯುತ್ತೆ ಎಂದವರೂ ಇದ್ದರು. ಅವನಿಗೆ ಎರಡೂ ಒಂದೇ ಆಗಿತ್ತು. ಬೆಳಗಿನ ಬಸ್ಸು ಹತ್ತಿ ಕಣಿವೆ ಇಳಿದು, ಪ್ರಯೋಗಾಲಯದ ನೀಲಿ ಕೋಟು ತೊಟ್ಟು, ದಿನದ ಮೊದಲ ಹೆಲ್ಮೆಟ್ಟನ್ನು ಕಬ್ಬಿಣದ ತಲೆಗೆ ಹಾಕಿ ಗಲ್ಲದ ಪಟ್ಟಿ ಬಿಗಿದ.

ಇಪ್ಪತ್ತು ವರ್ಷದಿಂದ ಅವನ ಕೆಲಸ ಇದೇ. ಸ್ಕೀ ಹೆಲ್ಮೆಟ್ ತೊಟ್ಟ ಆ ಲೋಹದ ತಲೆಯನ್ನು ಆಳೆತ್ತರದಿಂದ ಅಡಿಗಲ್ಲಿನ, ಅಂದರೆ ಕೆಳಗೆ ಊರಿದ ಉಕ್ಕಿನ ದಿಮ್ಮಿಯ, ಮೇಲೆ ನೆಟ್ಟಗೆ ಬೀಳಿಸುವುದು, ಪೆಟ್ಟಿನ ಜೋರಿಗೆ ಯಂತ್ರ ತೋರಿಸಿದ ಅಂಕಿ ಮಿತಿಯೊಳಗಿದ್ದರೆ ಮುದ್ರೆ ಒತ್ತುವುದು. ಅವನ ಅಪ್ಪನ ಕಾಲದಲ್ಲಿ ಪಂದ್ಯಕ್ಕಿಳಿಯುವವರ ತಲೆಗೂ ತೊಗಲಿನ ಟೋಪಿಯಷ್ಟೇ ಇತ್ತು. ಆಮೇಲೆ ಗಟ್ಟಿ ಚಿಪ್ಪು ಬಂತು. ಪೆಟ್ಟು ಬಿದ್ದಾಗ ತಾನು ನುಜ್ಜಾಗಿ ತಲೆ ಉಳಿಸಲೆಂದು ಚಿಪ್ಪಿನೊಳಗೆ ಥರ್ಮೊಕೋಲಿನ ದಪ್ಪ ಪದರ ಬಂತು. ಊರಿನ ಜನ ಮಾತ್ರ ಬಹುಕಾಲ ಉಣ್ಣೆ ಟೋಪಿಯಲ್ಲೇ ಇಳಿಜಾರು ಇಳಿದರು.

ಬುರ್ಗಿಯೂ ಹಾಗೇ. ತನ್ನ ತಮ್ಮ ವಿಗಿಲ್ ನಡೆಸುತ್ತಿದ್ದ ಸ್ಕೀ ಶಾಲೆಯಲ್ಲಿ ಅವಳು ಕಲಿಸುತ್ತಿದ್ದಳು. ಹೆಲ್ಮೆಟ್ಟಿನ ಮಾತೆತ್ತಿದರೆ, "ಮಡಕೆ ಹೊತ್ಕೊಂಡು ಹೋಗೋಕೆ ನಾನೇನು ನೀರು ತರೋಕೆ ಹೊರಟಿದ್ದೀನಾ?" ಎಂದು ನಗುತ್ತಿದ್ದಳು. ಹನ್ನೆರಡು ವರ್ಷ ಕಾಸಿಯಾನ್ ಅವಳ ಬೆನ್ನು ಬಿಡಲಿಲ್ಲ. ಕಳೆದ ಚಳಿಗಾಲದ ಮೊದಲಿಗೆ, "ಆಯ್ತು ಮಾರಾಯ, ನಿನ್ನ ಮುದ್ರೆ ನನ್ನ ತಲೆ ಮೇಲಿರ್ಲಿ. ಇನ್ನಾದ್ರೂ ಬಾಯಿ ಮುಚ್ತೀಯಾ?" ಎಂದು ಒಪ್ಪಿದಳು.

ಅದೇ ಚಳಿಗಾಲದ ಫೆಬ್ರವರಿಯಲ್ಲಿ, ಬಿಸಿಲು ತಾಗದ ಒಂದು ತಿರುವಿನಲ್ಲಿ ಅವಳ ಸ್ಕೀ ಮಂಜುಗಡ್ಡೆಗೆ ಸಿಕ್ಕಿತು. ದೊಡ್ಡದಾಗೇನೂ ಬೀಳಲಿಲ್ಲ ಎಂದು ನೋಡಿದವರು ಹೇಳಿದರು. ಪಕ್ಕಕ್ಕೆ ಉರುಳಿದಳು, ತಲೆ ಮಂಜುಗಡ್ಡೆಯ ಮೇಲೆ ಒಂದಿಷ್ಟು ದೂರ ಉಜ್ಜಿಕೊಂಡು ಹೋಯಿತು. ಮತ್ತೆ ಏಳಲಿಲ್ಲ. ಮೂರನೆಯ ದಿನ ಬೋಲ್ಜಾನೊ ಪಟ್ಟಣದ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಾಗ ವೈದ್ಯರು, "ಬುರುಡೆಯಲ್ಲಿ ಒಂದು ಬಿರುಕೂ ಇಲ್ಲ. ಒಳಗೆ ಮಿದುಳು ತಿರುಚಿಕೊಂಡಿದೆ" ಎಂದರು. ಕಾಸಿಯಾನ್ ತಲೆಯಾಡಿಸಿದ. ಹೊರಗೆ ಬಂದು ಕಾಫಿ ಕುಡಿದ. ಕಾಫಿಯ ರುಚಿ ಕಾಫಿಯಂತೆಯೇ ಇತ್ತು.

ಮಣ್ಣು ಮಾಡಿದ ದಿನ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ವಿಗಿಲ್ ಎಲ್ಲರೆದುರು ಕೇಳಿದ. "ಭಾವ, ನಿಮ್ಮ ಡಬ್ಬ ಏನು ಮಾಡ್ತು? ನಲವತ್ತು ವರ್ಷ ಬರೀ ತಲೆಯಲ್ಲಿ ಇಳಿದೋಳಿಗೆ ಏನೂ ಆಗ್ಲಿಲ್ಲ. ಒಂದೇ ವರ್ಷ ಡಬ್ಬ ಹಾಕಿದ್ಲು, ಹೋದ್ಲು."

ಯಾರೋ "ಸುಮ್ನಿರೋ" ಎಂದರು. ಕಾಸಿಯಾನ್ ತಟ್ಟೆಯಲ್ಲಿದ್ದ ಮಾಂಸವನ್ನು ಸಣ್ಣದಾಗಿ ಕತ್ತರಿಸುತ್ತಲೇ ಇದ್ದ, ತಿನ್ನಲಿಲ್ಲ. ಮುಂದಿನ ವಾರ ಶಾಲೆಯ ಅರ್ಧಕ್ಕರ್ಧ ಶಿಕ್ಷಕರು ಹೆಲ್ಮೆಟ್ ತೆಗೆದಿಟ್ಟು ಮತ್ತೆ ಉಣ್ಣೆ ಟೋಪಿ ಹಾಕಿದರು.

ಮಾರ್ಚಿನಲ್ಲಿ ಪೊಲೀಸರು ಅವಳ ಸಾಮಾನು ಹಿಂದಕ್ಕೆ ಕೊಟ್ಟರು. ಹೆಲ್ಮೆಟ್ಟನ್ನು ಕಾಸಿಯಾನ್ ಪ್ರಯೋಗಾಲಯಕ್ಕೆ ಒಯ್ದು ಗರಗಸದಿಂದ ನಡುವೆ ಸೀಳಿದ. ಒಳಗಿನ ಪದರ ನುಜ್ಜಾಗಿಯೇ ಇರಲಿಲ್ಲ. ಹೊರಗೆ, ಎಡಗಿವಿಯ ಮೇಲೆ, ಅಂಗೈಯಗಲದ ಗೀರು. ನೆಟ್ಟನೆಯ ಪೆಟ್ಟೇ ಬಿದ್ದಿರಲಿಲ್ಲ. ಓರೆಯಾಗಿ ಉಜ್ಜಿದರೆ ಏನಾಗುತ್ತದೆ ಎಂಬ, ತನ್ನ ಅಡಿಗಲ್ಲು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಮಂಜುಗಡ್ಡೆ ಕೇಳಿತ್ತು ಎಂದು ಅವನಿಗೆ ಹೊಳೆಯಿತು. ಹೊಳೆದಾಗ ದುಃಖವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಗೀರಿನ ಅಳತೆ ಬರೆದುಕೊಂಡ.

ಆ ಭಾನುವಾರ ಬಾರ್ಲಿ ಗಂಜಿ ಬಿಸಿಮಾಡುವಾಗ ಪಾತ್ರೆಯ ಹಿಡಿ ಅವನ ಕೈಗೆ ತಗಲಿ ಪಾತ್ರೆ ಗಿರಕ್ಕನೆ ತಿರುಗಿತು. ಒಳಗಿನ ಗಂಜಿ ತಿರುಗದೆ ನಿಂತಲ್ಲೇ ನಿಂತಿತ್ತು, ತಿರುಗಿದ ಬುರುಡೆಯೊಳಗೆ ಹಿಂದೆ ಉಳಿದ ಮಿದುಳಿನ ಹಾಗೆ. ಅವನು ಒಲೆ ಆರಿಸಿ, ಪಾತ್ರೆಯನ್ನು ಹತ್ತಿಪ್ಪತ್ತು ಸಲ ತಿರುಗಿಸಿ ನೋಡಿದ. ಗಂಜಿ ತಣ್ಣಗಾಯಿತು.

ಮರುದಿನ ಮೇಲಧಿಕಾರಿ ಪ್ಲೈಕ್ನರ್ ಮೇಡಂ ಬಳಿ ಹೋಗಿ, "ಓರೆ ಅಡಿಗಲ್ಲು ಒಂದು ಮಾಡಿಸ್ಬೇಕು" ಎಂದ.

"ನಿಯಮದಲ್ಲಿ ಅಂಥ ಪರೀಕ್ಷೆ ಇಲ್ವಲ್ಲ, ಕಾಸಿಯಾನ್."

"ಇಲ್ಲ."

ಮೇಡಂ ಅವನ ಮುಖವನ್ನೇ ನೋಡಿದರು. "ತಿರುಚೋ ಪೆಟ್ಟಿನ ವಿಷಯ ಡಾಕ್ಟರುಗಳು ಬಹಳ ಹಿಂದೆಯೇ ಬರೆದಿದ್ದಾರೆ. ಯಾರೂ ಪರೀಕ್ಷೆಗೆ ತರ್ಲಿಲ್ಲ, ಅಷ್ಟೆ. ನಾನೂ ತರ್ಲಿಲ್ಲ. ಶನಿವಾರ ಮಾಡಿ."

ಓರೆಯಾಗಿ ನಿಲ್ಲಿಸಿದ ಉಕ್ಕಿನ ಹಲಗೆಗೆ ಒರಟು ಉಪ್ಪುಕಾಗದ ಅಂಟಿಸಿ ಅವನು ಹೆಲ್ಮೆಟ್ಟುಗಳನ್ನು ಬೀಳಿಸತೊಡಗಿದ. ಎರಡು ತಿಂಗಳಲ್ಲಿ ಹದಿನಾಲ್ಕು ಬಗೆ. ಹದಿನಾಲ್ಕೂ ಅವನೇ ಮುದ್ರೆ ಒತ್ತಿದವು. ಚಿಪ್ಪು ಕಾಗದಕ್ಕೆ ಕಚ್ಚಿಕೊಂಡ ಕೂಡಲೇ ಒಳಗಿನ ತಲೆಯೂ ಅದರ ಜೊತೆಗೆ ಗಿರ್ರನೆ ತಿರುಗುತ್ತಿತ್ತು.

ಒಂದು ಶನಿವಾರ ವಿಗಿಲ್ ಬಂದು ಬಾಗಿಲಲ್ಲಿ ನಿಂತ. ಸಂಗತಿ ಅವನ ಕಿವಿಗೂ ಬಿದ್ದಿತ್ತು.

"ಹಾಗಾದ್ರೆ ನಾನು ಹೇಳಿದ್ದೇ ನಿಜ ಆಯ್ತಲ್ಲ, ಭಾವ?"

"ಆ ದಿನಕ್ಕೆ ನಿಜ. ಅವಳಿಗೆ ಅದು ಏನೂ ಮಾಡ್ಲಿಲ್ಲ." ಕಾಸಿಯಾನ್ ಬರಿಯ ಕಬ್ಬಿಣದ ತಲೆಯನ್ನು ಹಳೆಯ ಅಡಿಗಲ್ಲಿನ ಮೇಲೆ ತಂದು ನಿಲ್ಲಿಸಿದ. "ಬಾ, ಯಂತ್ರದ ಹಿಡಿ ಎಳಿ."

ವಿಗಿಲ್ ಎಳೆದ. ಬರಿಯ ತಲೆ ನೆಟ್ಟಗೆ ಬಿತ್ತು. ಸದ್ದಿಗೆ ಅವನು ಹಿಂದಕ್ಕೆ ಸರಿದ. ಅಂಕಿ ಮಿತಿಯ ಎಷ್ಟೋ ಪಟ್ಟು ಮೇಲೆ ಹೋಗಿ ನಿಂತಿತು. ಹೆಲ್ಮೆಟ್ ಹಾಕಿ ಮತ್ತೆ ಎಳೆಸಿದಾಗ ಅಂಕಿ ಕೆಳಗಿಳಿಯಿತು.

"ಮರಕ್ಕೆ, ಕಂಬಕ್ಕೆ ಹೊಡೆದ್ರೆ ಇದು ಉಳಿಸುತ್ತೆ. ತಿರುಚಿದ್ರೆ ಇನ್ನೂ ಉಳಿಸಲ್ಲ. ಎರಡನ್ನೂ ನಿನ್ನೋರಿಗೆ ಹೇಳು."

ವಿಗಿಲ್ ಗೋಡೆಗೊರಗಿ ಕುಸಿದು ಕೂತು ಅಳತೊಡಗಿದ. "ಅಕ್ಕ ನನ್ ಮಾತು ಕೇಳ್ಕೊಂಡೇ ಹನ್ನೆರಡು ವರ್ಷ ಹಾಕ್ಲಿಲ್ಲ, ಭಾವ. ಹಾಕೋರನ್ನ ನೋಡಿ ನಾನೇ ನಗಾಡ್ತಿದ್ದೆ."

ಕಾಸಿಯಾನ್ ಪಕ್ಕದಲ್ಲಿ ಕೂತ. ಈಗಲಾದರೂ ತನಗೆ ಅಳು ಬರಬಹುದೇನೋ ಎಂದು ಕಾದ. ಬರಲಿಲ್ಲ. ಎದ್ದು ಅವನಿಗೆ ನೀರು ತಂದುಕೊಟ್ಟ.

ಚಳಿಗಾಲ ಬಂದಾಗ ಶಾಲೆಯ ಶಿಕ್ಷಕರು ಮತ್ತೆ ಹೆಲ್ಮೆಟ್ ಹಾಕಿದರು. ಕಾಸಿಯಾನ್ ಬರೆದ ವರದಿಗೆ ನಿಯಮ ಮಾಡುವವರಿಂದ ಎರಡು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗುವುದು. ಅವನು ಮತ್ತೆ ಬರೆದ. ವರ್ಷಕ್ಕೊಂದು ಬರೆದ.

ಒಂಬತ್ತನೆಯ ವರ್ಷ, ಚಿಪ್ಪಿಗೂ ತಲೆಗೂ ನಡುವೆ ಜಾರುವ ತೆಳು ಪದರವಿದ್ದ ಹೆಲ್ಮೆಟ್ಟೊಂದು ಪರೀಕ್ಷೆಗೆ ಬಂತು. ಬೇರೆ ದೇಶದ ಯಾರೋ, ಅವನ ಹೆಸರೂ ಕೇಳದವರು, ಅದೇ ಪ್ರಶ್ನೆ ಹಿಡಿದು ಹೊರಟಿದ್ದರು. ಅವನು ಅದನ್ನು ಓರೆ ಅಡಿಗಲ್ಲಿನ ಮೇಲೆ ಬೀಳಿಸಿದ. ಚಿಪ್ಪು ತಿರುಗಿತು, ತಲೆ ಅಷ್ಟು ತಿರುಗಲಿಲ್ಲ. ಅಂಕಿ ಕಡಿಮೆ ಬಂತು. ಸೊನ್ನೆಯೇನಲ್ಲ, ಕಡಿಮೆ.

"ಏನನ್ಸುತ್ತೆ?" ಮೇಡಂ ಕೇಳಿದರು.

"ಇನ್ನೊಂದ್ಸಲ ನೋಡ್ಬೇಕು" ಎಂದು ಕಾಸಿಯಾನ್ ಎರಡನೆಯದನ್ನು ಪೆಟ್ಟಿಗೆಯಿಂದ ಹೊರತೆಗೆದ.