ಹೊತ್ತು ಮುಳುಗುವ ತನಕ

ಬಿಸಿ ಬಾಣಲೆಗೆ ಬಿದ್ದ ಕೆಂಪು ಮೆಣಸಿನಪುಡಿಯ ವಾಸನೆ. ಘಾಟಲ್ಲ, ಬಣ್ಣಕ್ಕೇ ಒಂದು ಪರಿಮಳವಿದ್ದರೆ ಹೇಗಿರುತ್ತದೋ ಹಾಗೆ. ಕಾರಿಡಾರಿನಲ್ಲಿ ಹೋಗುತ್ತಿದ್ದ ಫಖರುನ್ನಿಸಾ ನಿಂತೇಬಿಟ್ಟರು. ಬ್ಯಾಡಗಿಯಲ್ಲಿ ಅವರ ಅಮ್ಮಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದು ಸಂಜೆ ಮನೆಗೆ ಬಂದರೆ ಸೆರಗಿನಿಂದ ಇದೇ ವಾಸನೆ ಬರುತ್ತಿತ್ತು. ಅರವತ್ತು ವರ್ಷದ ಮೇಲೆ, ಅಮೆರಿಕದ ಫಾಸ್ಟರ್ ಸಿಟಿಯಲ್ಲಿ, ಅದು ಎದುರುಮನೆಯ ಬಾಗಿಲ ಸಂದಿನಿಂದ ಬರುತ್ತಿತ್ತು.

ಆ ಮನೆಯವರು ಬಂದು ಮೂರು ತಿಂಗಳಾಗಿತ್ತು. ಉಕ್ರೇನಿನ ಗಡಿಯೂರಿನವರು, ಮನೆಮಾತು ಹಂಗೇರಿಯನ್. ಸೊಸೆ ಇಲ್ದಿಕೋ ಸಿರಿವಂತರ ಊರಾದ ಲಾಸ್ ಆಲ್ಟೋಸಿನ ಮನೆಗಳಲ್ಲಿ ಕ್ಲೀನಿಂಗ್ ಮಾಡುತ್ತಿದ್ದಳು, ಪುಟ್ಟ ಮಗಳನ್ನು ಡೇಕೇರಿಗೆ ಬಿಟ್ಟು. ಅತ್ತೆ ಪಿರೋಷ್ಕಾ ಹಗಲೆಲ್ಲ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಮಗ ಲಾಯೋಶ್ ಯುದ್ಧಕ್ಕೆ ಹೋದವನು. ನಾಲ್ಕು ತಿಂಗಳಿಂದ ಸುದ್ದಿ ಇರಲಿಲ್ಲ.

ತಟ್ಟಿದಾಗ ಬಾಗಿಲು ತೆರೆದ ಇಲ್ದಿಕೋಳ ಕಣ್ಣು ಕೆಂಪಾಗಿತ್ತು. "ಬನ್ನಿ, ಪ್ಲೀಸ್," ಎಂದಳು ತನ್ನ ಹರಕು ಇಂಗ್ಲಿಷಿನಲ್ಲಿ. "ಅಮ್ಮ ತಿನ್ನೋದಿಲ್ಲ. ಬ್ರೆಡ್ಡು ಕೊಟ್ಟರೆ ಜೇಬಿಗೆ ಹಾಕ್ಕೋತಾಳೆ. ಲಾಯೋಶ್‌ಗೆ ಅಂತಾಳೆ. ಶುಕ್ರವಾರದೊಳಗೆ ತಿನ್ನದಿದ್ದರೆ ಆಸ್ಪತ್ರೆ ಅಂದಿದ್ದಾರೆ ಡಾಕ್ಟರು. ಮೂಗಿಗೆ ಟ್ಯೂಬು."

ಫಖರುನ್ನಿಸಾ ಮೊಮ್ಮಗಳು ಅರೀಬಾಳನ್ನು ಕೂಗಿದರು. ಅವಳ ಫೋನಿಗೆ ಎಲ್ಲ ಭಾಷೆಯೂ ಬರುತ್ತಿತ್ತು.

ಪಿರೋಷ್ಕಾರ ಏಪ್ರನ್ನಿನ ಜೇಬು ಉಬ್ಬಿಕೊಂಡಿತ್ತು. ಎದುರಿಗೆ ಆಲೂಗಡ್ಡೆಯ ಕೆಂಪು ಪಲ್ಯ ಹಾಗೇ ಆರುತ್ತಿತ್ತು. ಇಲ್ದಿಕೋ ಫಖರುನ್ನಿಸಾರಿಗೂ ಒಂದು ತಟ್ಟೆ ತಂದಿಟ್ಟಳು. ಅವರು ಎದೆಯ ಮೇಲೆ ಕೈಯಿಟ್ಟು, ಒಲ್ಲೆನೆಂದು ತಲೆಯಾಡಿಸಿದರು.

ಪಿರೋಷ್ಕಾ ಆಗ ಮೊದಲ ಸಲ ಅವರ ಮುಖ ನೋಡಿದರು. ಮೆಲ್ಲಗೆ ಏನೋ ಕೇಳಿದರು.

ಅರೀಬಾ ಫೋನು ನೋಡಿ ಅಜ್ಜಿಯ ಕಡೆ ತಿರುಗಿದಳು. "ದಾದಿ... ನಿನ್ನ ಮಗನೂ ಯುದ್ಧಕ್ಕೆ ಹೋಗಿದ್ದಾನಾ ಅಂತ ಕೇಳ್ತಿದಾರೆ. ಶಿ ಥಿಂಕ್ಸ್ ಅದಕ್ಕೇ ನೀವು ತಿನ್ನಲ್ಲ ಅಂತ. ವಾಟ್ ಡು ಐ ಸೇ?"

ಹೂಂ ಎಂದರೆ ಆ ಮುದುಕಿಗೆ ಜೊತೆ ಸಿಕ್ಕಂತಾಗುತ್ತಿತ್ತು. ಆದರೆ ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಬಾಯಿ ಅದು, ಸುಳ್ಳಿಗೆ ಒಗ್ಗಲಿಲ್ಲ. "ಫೋನ್ ಇಲ್ಲಿ ಕೊಡ," ಎಂದರು. "ಇಲ್ರೀ, ನನ್ನ ಮಗ ಯಾಕೂಬ್ ಆಫೀಸಿನ್ಯಾಗ ಆರಾಮ ಅದಾನ. ನಂದು ರೋಜಾ."

ಫೋನು ಹಂಗೇರಿಯನ್ನಿನಲ್ಲಿ ಉಲಿಯಿತು. ಪಿರೋಷ್ಕಾ ಸುತ್ತಮುತ್ತ ಕಣ್ಣಾಡಿಸಿ, ಖಾಲಿ ಹೂದಾನಿಯತ್ತ ಬೆರಳು ಮಾಡಿದರು. "ರೋಜಾ?"

"ಅಯ್ಯೋ ದಾದಿ, ಗುಲಾಬಿ ಹೂ ಅಂದುಬಿಡ್ತು! ಅವರ ಭಾಷೇಲೂ ರೋಜಾನೇ ಅಂತೆ!" ಅರೀಬಾ ನಕ್ಕಳು. ಇಲ್ದಿಕೋಳಿಗೂ ನಗು ಬಂತು, ಅದರ ಹಿಂದೆಯೇ ಅಳುವೂ.

"ಹೂವಲ್ರೀ, ಉಪವಾಸ. ಹೊತ್ತು ಮುಳುಗೂತನಕ ಅಷ್ಟ." ಫಖರುನ್ನಿಸಾ ಕುರ್ಚಿ ಹತ್ತಿರ ಎಳೆದುಕೊಂಡರು. "ನೀವು ಮಗನ ದಾರಿ ಕಾಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೊತ್ತು ಮುಳುಗಿದ ಮ್ಯಾಲ ಒಂದ್ ತುತ್ತು ಉಣ್ರಿ. ಬೆಳಗಾದ್ರ ಮತ್ತ ಕಾಯ್ರಿ. ಉಣ್ಣದಿದ್ರ ನಾಳೆ ಕಾಯಾಕ ತ್ರಾಣ ಎಲ್ಲಿಂದ ಬರಬೇಕು?"

ಫೋನು ಹೇಳಿ ಮುಗಿಸಿತು. ಪಿರೋಷ್ಕಾ ಒಂದೇ ಮಾತು ಆಡಿದರು. ಅರೀಬಾ ತಗ್ಗಿದ ದನಿಯಲ್ಲಿ ಓದಿದಳು: "ನಿನ್ನ ಮಗ ಆಫೀಸಿನಲ್ಲಿರೋದು ಒಳ್ಳೇದಾಯ್ತು ಅಂತಿದಾರೆ."

ಅಷ್ಟು ಹೇಳಿ ಪಿರೋಷ್ಕಾ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ರಾತ್ರಿ ಫಖರುನ್ನಿಸಾರಿಗೆ ತಾವು ಆಡಿದ್ದು ಹೆಚ್ಚಾಯಿತೇನೋ ಅನಿಸಿತು. ಮಗನನ್ನು ಮನೆಯಲ್ಲಿಟ್ಟುಕೊಂಡ ನಾನು, ಕಾಯುವವಳಿಗೆ ಬುದ್ಧಿ ಹೇಳಿದೆನಲ್ಲ.

ಮರುದಿನ ಗುರುವಾರ. ಸಂಜೆ ಏಳು ದಾಟಿತ್ತು. ಕಿಟಕಿಯಾಚೆ ಲಗೂನಿನ ಹಿನ್ನೀರು ಮೊದಲು ಕೆಂಪಾಗಿ ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಅರೀಬಾಳ ಫೋನಿನಲ್ಲಿ ಅಜಾನಾಯಿತು. ಫಖರುನ್ನಿಸಾ ಒಂದು ಖರ್ಜೂರ ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈಹಾಕುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಪಿರೋಷ್ಕಾ ನಿಂತಿದ್ದರು. ಗೋಡೆ ಹಿಡಿದುಕೊಂಡೇ ಕಾರಿಡಾರು ದಾಟಿದ್ದಿರಬೇಕು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವರ ಹಿಂದೆ ಇಲ್ದಿಕೋ, ಬಟ್ಟೆ ಮುಚ್ಚಿದ ಬಟ್ಟಲೊಂದನ್ನು ಸೊಂಟಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಸೂರ್ಯಕಾಂತಿ ಎಣ್ಣೆಯ ಬಾಟಲಿಯನ್ನು ಚೀಟಿ ಕಾಣುವಂತೆ ಎತ್ತಿ ಹಿಡಿದಿದ್ದಳು. "ಹಂದಿಕೊಬ್ಬು ಇಲ್ಲ! ಬಾಣಲೆ ಕೂಡ ಹೊಸದು! ಅಮ್ಮನೇ ಮಾಡಿದ್ದು!"

ಪಿರೋಷ್ಕಾ ಕಿಟಕಿಯ ಕಡೆ ಕೈತೋರಿದರು. ಹೊರಗೆ ಕತ್ತಲಾಗುತ್ತಿತ್ತು.

"ರೋಜಾ?" ಎಂದು ಕೇಳಿದರು.

"ಮುಗೀತ್ರೀ," ಎಂದರು ಫಖರುನ್ನಿಸಾ.

ಪಿರೋಷ್ಕಾ ಏಪ್ರನ್ನಿನ ಜೇಬಿಗೆ ಕೈಹಾಕಿ ಎರಡು ಚಮಚ ತೆಗೆದರು. ಒಂದನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು. ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡು, ಇನ್ನೊಂದನ್ನು ಅದರ ಮೇಲಿಟ್ಟು, ಫಖರುನ್ನಿಸಾರ ಕೈಗೆ ದಾಟಿಸಿದರು. ಬಟ್ಟಲು ಇನ್ನೂ ಬಿಸಿಯಾಗಿತ್ತು.